ಗೆರೆಯಿಂದ ಎರಡಿಂಚು ಕೆಳಗೆ

ಇಪ್ಪತ್ತೆರಡು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಹೆಡ್‌ಲೈಟಿನ ವಿಷಯದಲ್ಲಿ ನನಗಿದ್ದ ಜ್ಞಾನ ಎರಡೇ: ಹತ್ತುತ್ತದೆ, ಆರುತ್ತದೆ. ಅದರೊಳಗೆ ಒಂದು ಸಂಸಾರವೇ ಇದೆ ಎಂದು ತೋರಿಸಿಕೊಟ್ಟವನು ನಮ್ಮ ಬೀದಿ ಕೊನೆಯ ಗ್ಯಾರೇಜಿನ ಎಲೆಕ್ಟ್ರಿಷಿಯನ್. ಎಲ್ಲರೂ ಅವನನ್ನು ಗೆರೆಯಣ್ಣ ಎನ್ನುತ್ತಿದ್ದರು.

"ಬಗ್ಗಿ ನೋಡು," ಎಂದು ಕತ್ತು ಹಿಡಿದೇ ಬಗ್ಗಿಸಿದ್ದ. "ಈ ಚಿಕ್ಕದು ಪಾರ್ಕಿಂಗ್ ಲೈಟು. ದಾರಿ ತೋರಿಸಲ್ಲ. 'ನಾನಿಲ್ಲಿ ನಿಂತಿದೀನಿ, ಗುದ್ದಬೇಡ್ರಪ್ಪಾ' ಅನ್ನುತ್ತೆ, ಅಷ್ಟೇ. ಈ ಹಳದಿ ಇಂಡಿಕೇಟರು. ನೀನು ತಿರುಗಿ ಆದಮೇಲೆ ಹಾಕ್ತೀಯಲ್ಲ, ಅದು. ಇದು ಹೈ ಬೀಮು, ಖಾಲಿ ರಸ್ತೆಗೆ ಮಾತ್ರ. ಇದು ಲೋ ಬೀಮು. ಮನೆ ನಡೆಸೋದು ಇದೇ."

"ಎಲ್ಲಾ ಒಟ್ಟಿಗೆ ಹಾಕಿದ್ರೆ ಇನ್ನೂ ಚೆನ್ನಾಗಿ ಕಾಣುತ್ತಲ್ವಾ ಅಣ್ಣಾ?"

"ನಿನಗೆ ಕಾಣುತ್ತೆ. ಎದುರಿಗೆ ಬರೋನಿಗೆ ಯಮ ಕಾಣ್ತಾನೆ."

ಗ್ಯಾರೇಜಿನ ಹಿಂದಿನ ಶೆಡ್ಡಿನ ಗೋಡೆ ಅವನ ಆಸ್ತಿ. ಇಪ್ಪತ್ತೈದು ಅಡಿ ದೂರದಲ್ಲಿ ಕಾರು ನಿಲ್ಲಿಸಿ, ಶಟರ್ ಎಳೆದು ಕತ್ತಲು ಮಾಡಿಕೊಂಡು, ದೀಪದ ಎತ್ತರಕ್ಕೆ ಸರಿಯಾಗಿ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಹಾಕುತ್ತಿದ್ದ. ಲೋ ಬೀಮಿನ ಬೆಳಕಿನ ಮೇಲಂಚು ಆ ಗೆರೆಯಿಂದ ಎರಡಿಂಚು ಕೆಳಗೆ ನಿಲ್ಲುವವರೆಗೆ ಲೈಟಿನ ಹಿಂದಿನ ಸ್ಕ್ರೂ ತಿರುಗಿಸುತ್ತಿದ್ದ. ಇನ್ನೂ ಕೆಳಗಾದರೆ ಓಡಿಸುವವನಿಗೆ ರಸ್ತೆ ಕಾಣದು, ಮೇಲಾದರೆ ಎದುರಿನವನ ಕಣ್ಣಿಗೆ ನೇರ ಹೊಡೆತ. ಮೂವತ್ತು ವರ್ಷ ಅವನು ಈ ಎರಡಿಂಚನ್ನೇ ಕಾಯ್ದುಕೊಂಡು ಬಂದಿದ್ದ.

ಅದು ಈಗ ಅವನಿಗೆ ಕಾಣುತ್ತಿರಲಿಲ್ಲ.

ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಹೋದಂತೆ, ಉಳಿದದ್ದನ್ನು ಉಳಿಸಿಕೊಳ್ಳಲು ನೋಡೋಣ ಎಂದು ಡಾಕ್ಟರು ಹೇಳಿದ್ದರಂತೆ. ಹತ್ತಿರದ ಸ್ಕ್ರೂ ಕೈಗೆ ಸಿಗುತ್ತಿತ್ತು. ದೂರದ ಗೋಡೆಯಲ್ಲಿ ಬಿಳಿ ಗೆರೆ, ಬಿಳಿ ಬೆಳಕು ಎರಡೂ ಕಲಸಿದ ಹಿಟ್ಟಿನ ಹಾಗೆ ಒಂದೇ. ಐವತ್ತನಾಲ್ಕು ವರ್ಷದವನಿಗೆ ಈ ಕೆಲಸ ಬಿಟ್ಟು ಬೇರೆ ಬಾರದು. ಮಾಲೀಕರಿಗೆ ತಿಳಿದರೆ ಅಂದೇ ಮನೆಗೆ. ಈ ಸುದ್ದಿ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ನಾವೆಲ್ಲ ಅತ್ತಿಗೆ ಎನ್ನುತ್ತಿದ್ದ ಅವರು ಮನೆಯಲ್ಲೇ ಬಟ್ಟೆ ಹೊಲಿಯುವವರು, ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ಕಣ್ಣು. ಇಬ್ಬರೂ ಒಂದು ಉಪಾಯ ಹೂಡಿದರು. ಮಾಲೀಕರು ಊಟಕ್ಕೆ ಮನೆಗೆ ಹೋದ ಹೊತ್ತಿನಲ್ಲಿ ಅತ್ತಿಗೆ ಬುತ್ತಿ ಹಿಡಿದು ಬರುವುದು, ಶಟರ್ ಇಳಿಯುವುದು. ಅವನು ಸ್ಕ್ರೂ ಹಿಡಿದು ಕೂತರೆ, ಅವರು ಗೋಡೆಯ ಬಳಿ ನಿಂತು ಅಳತೆ ಹೇಳುವುದು. ಎರಡು ತಿಂಗಳಿಂದ ಹೀಗೇ ನಡೆದಿತ್ತು.

"ಏನಣ್ಣಾ, ಹೊಸದಾಗಿ ಮದುವೆ ಆದೋರ ಥರ ದಿನಾ ಶಟರ್ ಎಳ್ಕೊಳ್ತೀರಲ್ಲ!" ಎಂದು ಹೊರಗೆ ಕೂತ ಮೆಕ್ಯಾನಿಕ್‌ಗಳು ಕಿಚಾಯಿಸುತ್ತಿದ್ದರು.

"ಹೊಟ್ಟೆಕಿಚ್ಚಿದ್ರೆ ನಿನ್ ಹೆಂಡ್ತೀನೂ ಕರ್ಕೊಂಡ್ ಬಾ," ಎಂದು ಒಳಗಿಂದ ಅವನು ಕೂಗುತ್ತಿದ್ದ. ಒಳಗಿನ ವಿಷಯ ಗೊತ್ತಿಲ್ಲದೆ ನಾನೂ ನಕ್ಕಿದ್ದೆ. ನಾಚಿಕೆಗೇಡು, ಆದರೆ ನಿಜ.

ನನ್ನ ಕಾರಿನ ಸೆಟ್ಟಿಂಗೂ ಆ ಹೊತ್ತಿನಲ್ಲೇ ಆಯಿತು. ಅಂದಿನಿಂದ ಸಂಜೆ ರಸ್ತೆಗಿಳಿದರೆ ಸಾಕು, ಎದುರಿನಿಂದ ಬರುವವರೆಲ್ಲ ಲೈಟು ಮಿಟುಕಿಸುತ್ತಿದ್ದರು. ಊರಿಗೆಲ್ಲ ನಾನು ಬೇಕಾದವನಾದೆ ಎಂದುಕೊಂಡು ಒಂದು ವಾರ ಎಲ್ಲರಿಗೂ ಕೈ ಬೀಸಿದೆ. ಎಂಟನೆಯ ದಿನ ಒಬ್ಬ ಲಾರಿಯವನು ನಿಲ್ಲಿಸಿ, ನನ್ನ ವಂಶವನ್ನೆಲ್ಲ ನೆನೆದು, "ಲೈಟ್ ಇಳ್ಸೋ ಮೊದ್ಲು!" ಎಂದಾಗ ಭ್ರಮೆ ಹರಿಯಿತು.

ಮರುದಿನ ಮಧ್ಯಾಹ್ನ, ಅದನ್ನೇ ಒಂದು ಜೋಕಾಗಿ ಹೇಳೋಣವೆಂದು ಗ್ಯಾರೇಜಿಗೆ ಹೋದೆ. ಗಂಡಹೆಂಡತಿ ಆಗಷ್ಟೇ ಒಂದು ಆಂಬ್ಯುಲೆನ್ಸಿನ ಲೈಟು ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಊಟ ಮುಗಿಸಿ ಬಂದಿದ್ದ ಮಾಲೀಕರು ಗೇಟಿನ ಬಳಿ ಅದರ ಡ್ರೈವರಿಗೆ ಕೀ ಕೊಡುತ್ತಿದ್ದರು.

ನನ್ನ ಜೋಕಿಗೆ ಯಾರೂ ನಗಲಿಲ್ಲ. ಗೆರೆಯಣ್ಣ ನನ್ನತ್ತ ತಿರುಗಿದ, ಆದರೆ ನೋಟ ನನ್ನ ಕಿವಿಯ ಪಕ್ಕಕ್ಕೆ ಬಿತ್ತು. ಅವನಿಗೆ ಕಣ್ಣು ಕಾಣುತ್ತಿಲ್ಲವೆಂದು ಆಗ ನನಗೆ ಹೊಳೆಯಿತು.

"ಎರಡಿಂಚು ಕೆಳಗೆ ಅಂತಾನೇ ಹೇಳಿದ್ಯಾ ನೀನು?" ಎಂದು ಹೆಂಡತಿಯನ್ನು ಕೇಳಿದ.

"ಹೂಂ," ಎಂದರು ಅತ್ತಿಗೆ. ಆಮೇಲೆ ಸಣ್ಣ ದನಿಯಲ್ಲಿ, "ಬಟ್ಟೆಗೆ ಬಿಡೋ ಹಾಗೆ ಸ್ವಲ್ಪ ಜಾಸ್ತಿ ಬಿಟ್ಟಿದ್ದೆ. ಗಿಡ್ಡ ಆದ್ರೆ ಕೆಟ್ಟೇ ಹೋಗುತ್ತಲ್ಲ. ಕೆಳಗಾದ್ರೆ ರಸ್ತೆ ಕಾಣಲ್ಲ ಅಂತ ನೀವೇ ಹೇಳಿದ್ರಿ. ಮೇಲಿದ್ರೆ ಆಮೇಲೆ ಮಡಚಿದ್ರಾಯ್ತು ಅಂತ..."

"ಎಷ್ಟು ಬಿಟ್ಟೆ?"

"ನೀವು ಹೇಳಿದ್ದಕ್ಕಿಂತ ಎರಡೂವರೆ ಇಂಚು ಮೇಲೆ. ಕೆಲವಕ್ಕೆ ಮೂರು."

ಅಂದರೆ ಬೆಳಕು ಗೆರೆಯನ್ನೂ ದಾಟಿ ಮೇಲೆ. ಅವನು ಗೇಟಿನತ್ತ ತಿರುಗಿದ. ಅತ್ತಿಗೆ ಅವನ ಅಂಗಿ ಹಿಡಿದುಕೊಂಡರು. "ಈಗ ಬಾಯಿ ಬಿಡಬೇಡಿ. ನಾಳೆ ಹೇಗಾದ್ರೂ ಮಾಡಿ ವಾಪಸ್ ಕರೆಸಿ ಸರಿ ಮಾಡೋಣ. ನಿಮ್ಮ ದಮ್ಮಯ್ಯ ಅಂತೀನಿ."

ನಾನೂ ಹೇಡಿಯ ಹಾಗೆ, "ಹೌದಣ್ಣ, ಒಂದು ದಿನದಲ್ಲಿ ಏನಾಗುತ್ತೆ?" ಎಂದೆ.

ಗೇಟಿನಲ್ಲಿ ಎಂಜಿನ್ ಶುರುವಾಯಿತು. ಅವನು ಅತ್ತಿಗೆಯ ಕೈ ಬಿಡಿಸಿಕೊಂಡು ಓಡಿದ. ದಾರಿಯಲ್ಲಿದ್ದ ಟೈರಿಗೆ ಎಡವಿ ಬಿದ್ದು, ಮತ್ತೆ ಎದ್ದು, ಆಂಬ್ಯುಲೆನ್ಸಿನ ಮುಂದೆ ಎರಡೂ ಕೈ ಚಾಚಿ ನಿಂತ.

"ಬಿಡಬೇಡಿ ಯಜಮಾನ್ರೇ. ಲೈಟ್ ತಪ್ಪಿದೆ. ನನಗೆ ಗೋಡೆ ಕಾಣಲ್ಲ."

"ಕಾಣಲ್ಲ ಅಂದ್ರೆ ಏನಯ್ಯಾ?"

"ಕಾಣಲ್ಲ ಅಂದ್ರೆ ಕಾಣಲ್ಲ."

ಮಾಲೀಕರು ಡ್ರೈವರನ್ನು ಇಳಿಸಿ ಕೀ ಜೇಬಿಗೆ ಹಾಕಿಕೊಂಡರು. "ಎಷ್ಟು ಗಾಡಿ ಹೀಗೆ ಹೋಗಿವೆ?" ಎಂದರು.

"ನಲವತ್ತೊಂದು. ಇವನದ್ದೂ ಸೇರಿ."

"ಎಲ್ಲಾ ವಾಪಸ್ ಬರಬೇಕು. ನಾನೇ ಗೋಡೆ ಮುಂದೆ ನಿಲ್ತೀನಿ. ನೀನು ನಂಬರ್ ಹೇಳು, ಅಷ್ಟು ಸಾಕು." ಅವನ ಮುಖ ನೋಡದೆ ಹೇಳಿದರು: "ಅದಾದ ಮೇಲೆ ಬರಬೇಡ. ನನ್ನ ಕೈಲಿ ಆಗಲ್ಲಪ್ಪಾ."

"ಗೊತ್ತು ಯಜಮಾನ್ರೇ."

ಆಫೀಸಿನ ಬೆಂಚಿನ ಮೇಲೆ ಅವನು ಕೂತ. ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಇಂಥದ್ದಕ್ಕಾದರೂ ಬರೆಯಲು ಬಂದದ್ದು ಉಪಯೋಗಕ್ಕೆ ಬಿತ್ತು. ಒಂದೊಂದು ಗಾಡಿಯ ನಂಬರು, ಬಣ್ಣ, ಯಾವ ಕಡೆಯ ಲೈಟು ಎಷ್ಟು ಸುತ್ತು ತಿರುಗಿಸಿದ್ದು, ಎಲ್ಲ ಅವನಿಗೆ ಬಾಯಿಪಾಠ. ಮೊಣಕಾಲಿನಿಂದ ರಕ್ತ ಸೋರಿ ಪ್ಯಾಂಟಿಗೆ ಅಂಟುತ್ತಿತ್ತು. ಹದಿನೇಳನೆಯದಾಗಿ ಒಂದು ಸ್ಕೂಲ್ ವ್ಯಾನನ್ನು ಬರೆಯುವಾಗ ಬಾಗಿಲ ಬಳಿ ಅಳುತ್ತ ನಿಂತಿದ್ದ ಅತ್ತಿಗೆ ಮೂಗು ಒರೆಸಿಕೊಂಡು ಒಳಗೆ ಬಂದರು.

"ಪಟ್ಟಿ ಆಮೇಲೆ ಬರೀರಿ," ಎಂದರು. "ಮೊದಲು ಆ ಸ್ಕೂಲ್ ವ್ಯಾನಿನವನಿಗೆ ಫೋನ್ ಮಾಡಿ. ಕತ್ತಲಾಗೋಕ್ ಮುಂಚೆ."