ಬಲತುದಿಯ ಕುರ್ಚಿಯಲ್ಲಿ ಕೂತವರು

ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಶಾಲೆಗೆ ಐವತ್ತು ತುಂಬುತ್ತಿರುವ ಈ ಹೊತ್ತಿನಲ್ಲಿ ವಿದ್ವಾಂಸರು ತುರ್ತಾಗಿ ಇತ್ಯರ್ಥಪಡಿಸಬೇಕಾದ ಪ್ರಶ್ನೆ ಒಂದೇ: ಮೊದಲ ತಂಡದ ಫೋಟೊದಲ್ಲಿ ಬಲತುದಿಯ ಕುರ್ಚಿಯಲ್ಲಿ ಕೂತವರು ಯಾರು?

ಉತ್ತರ ಗೊತ್ತಿರುವ ಮನುಷ್ಯ ಬೆಳಗಿನ ಐದೂಮುಕ್ಕಾಲಿಗೆ ಅದೇ ಫೋಟೊದ ಗಾಜು ಒರೆಸುತ್ತಿದ್ದಾರೆ. ಎಲ್ಲರ ಬಾಯಲ್ಲೂ ಅವರು ಚಾವಿಯಣ್ಣ. ನಾಲ್ಕು ಮಹಡಿ, ಅರವತ್ತೆರಡು ಬೀಗ, ಒಂದೇ ಸೊಂಟ. ನಿವೃತ್ತರಾಗಿ ಹತ್ತು ವರ್ಷವಾದರೂ ಶಾಲೆ ಅವರನ್ನು ಬಿಟ್ಟಿಲ್ಲ. ಗ್ರಂಥಾಲಯದ ಬೀಗವನ್ನು ತುಸು ಎತ್ತಿ ತಿರುಗಿಸುವ ಗುಟ್ಟು ಬೇರೆ ಯಾರ ಕೈಗೂ ಹತ್ತಿಲ್ಲ. "ಮನೇಲಿರೋದು ಒಂದೇ ಬೀಗ. ಅದನ್ನ ಎಷ್ಟೊತ್ತು ಅಂತ ತೆಗೀತೀರಿ?" ಎನ್ನುತ್ತಾರೆ.

ಶಾಲೆ ಹುಟ್ಟಿದ್ದು ರಸಾಯನಶಾಸ್ತ್ರ ವಿಭಾಗದ ಹಿಂದಿನ ಎರಡು ಕೋಣೆಗಳಲ್ಲಿ. ಹನ್ನೊಂದು ವಿದ್ಯಾರ್ಥಿಗಳು, ಎರವಲು ಕುರ್ಚಿಗಳು, ಮಾರುಕಟ್ಟೆಯ ಪಾಠದ ನಡುವೆ ತೇಲಿಬರುವ ಕೊಳೆತ ಮೊಟ್ಟೆಯ ವಾಸನೆ. ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು ಒಂಟಿಕಾಲಲ್ಲಿ ನಿಂತು ಅದನ್ನು ಕಟ್ಟಿದರು. ಚಾವಿಯಣ್ಣ ಆಗ ಅಲ್ಲಿ ಜವಾನ.

ಫೋಟೊದ ದಿನ ಹನ್ನೊಂದನೆಯವನು ಬರಲಿಲ್ಲ. ತಂದೆಗೆ ಕಾಯಿಲೆಯೆಂದು ಊರಿಗೆ ಹೋದವನು ಮರಳಲೇ ಇಲ್ಲ. "ಖಾಲಿ ಕುರ್ಚಿ ಅಂದ್ರೆ ಹಲ್ಲು ಬಿದ್ದ ಬಾಯಿ ಇದ್ದಂಗೆ ಸಾರ್, ಯಾರನ್ನಾದ್ರೂ ಕೂರಿಸಿ" ಎಂದ ಫೋಟೊಗ್ರಾಫರ್. ಮೇಷ್ಟ್ರು ತಮ್ಮ ಕೋಟು ಬಿಚ್ಚಿ ಜವಾನನಿಗೆ ತೊಡಿಸಿದರು. ಕೋಟಿಲ್ಲದೆ ಫೋಟೊಗೆ ಕೂರುವುದು ಮರ್ಯಾದೆಯಲ್ಲವೆಂದು ತಾವು ಕ್ಯಾಮರಾದ ಹಿಂದೆ ನಿಂತರು. ಸ್ಥಾಪಕರ ಒಂದು ಚಿತ್ರವೂ ಎಲ್ಲೂ ಸಿಕ್ಕಿಲ್ಲ.

ಚಾವಿಯಣ್ಣ ಹೆಂಡತಿಯನ್ನು ಒಮ್ಮೆ ಕರೆತಂದು ಫೋಟೊ ತೋರಿಸಿದ್ದರಂತೆ. "ಕೋಟೇನೋ ಚೆನ್ನಾಗಿದೆ, ಒಳಗಿರೋರು ಯಾರು ಅಂದ್ಲು," ಎಂದು ನಗುತ್ತಾರೆ. ಆಕೆ ತೀರಿ ಆರು ವರ್ಷ. "ಈಗ ಅದು ನಾನೇ ಅನ್ನೋಕೆ ಸಾಕ್ಷಿಯಿಲ್ಲ."

ಶಾಲೆಯ ಇತಿಹಾಸ ಬರೆಯುವ ಸಮಿತಿಯ ಅಧ್ಯಾಪಕಿ ಭೂತಗನ್ನಡಿ ಹಿಡಿದು ಬಂದಾಗ ಚಾವಿಯಣ್ಣ ಹತ್ತು ಹೆಸರನ್ನು ಒಂದೇ ಉಸಿರಿಗೆ ಹೇಳಿದರು. ಹನ್ನೊಂದನೆಯ ಮುಖ ಬಂದಾಗ ಗಾಜು ಒರೆಸತೊಡಗಿದರು. ಮರುದಿನ ತಾವೇ ಆಕೆಯ ಬಳಿ ಹೋದರು. "ಅದು ನಾನು ಮೇಡಂ. ಕೋಟು ಮಾತ್ರ ಮೇಷ್ಟ್ರದು. ಆಗೋದಾದ್ರೆ ಹೆಸರು ಹಾಕಿ." ಇಷ್ಟು ವರ್ಷದಲ್ಲಿ ಅವರು ಈ ಶಾಲೆಯನ್ನು ಕೇಳಿದ್ದು ಇದೊಂದೇ.

ಆಕೆ ಖುಷಿಯಿಂದ ಬರೆದುಕೊಂಡರು. ಸಮಿತಿ ಎರಡು ಸಭೆ ಸೇರಿ, ವಿದ್ಯಾರ್ಥಿಗಳ ಚಿತ್ರದಲ್ಲಿ ವಿದ್ಯಾರ್ಥಿಗಳಷ್ಟೇ ಇರತಕ್ಕದ್ದು ಎಂದು ತೀರ್ಮಾನಿಸಿತು.

ಕಳೆದ ವಾರ ಪುಸ್ತಕ ಬಂದಿದೆ. ಚಾವಿಯಣ್ಣ ಅದನ್ನು ಬಿಡಿಸಿ ಗೋಡೆಯ ಫೋಟೊದ ಪಕ್ಕ ಹಿಡಿಯುತ್ತಾರೆ. ಗೋಡೆಯದು ಇಡಿಯಾಗಿದೆ, ಅದನ್ನು ನೋಡುವವರು ಕಡಿಮೆ.

"ಕತ್ತರಿ ಹಿಡಿದೋರಿಗೆ ಅವಸರ ಇತ್ತೇನೋ," ಎನ್ನುತ್ತಾರೆ. "ಹೋಗ್ಲಿ, ಮೇಷ್ಟ್ರ ತೋಳಾದ್ರೂ ಉಳೀತು."

ಹನ್ನೆರಡನೆಯ ಪುಟದಲ್ಲಿ ಹತ್ತು ವಿದ್ಯಾರ್ಥಿಗಳಿದ್ದಾರೆ. ಬಲತುದಿಯಲ್ಲಿ ಒಂದು ಕೋಟಿನ ತೋಳಿದೆ.