ಬಿಡಿಸಲು ಹೋದವನ ಮೂಗು

ಸ್ಕಾಟ್ಲೆಂಡಿನ ಗೂರ್ಡನ್ ಬಂದರಿನಲ್ಲಿ ಎಬೆನ್ ಮಾಂಕರ್‌ನನ್ನು ಎಲ್ಲರೂ ‘ಪ್ರೊಫೆಸರ್’ ಎನ್ನುತ್ತಿದ್ದರು. ಅದು ಗೌರವವಲ್ಲವೆಂದು ಅವನಿಗೂ ಗೊತ್ತಿತ್ತು. ಮೂವತ್ತು ವರ್ಷ ಊರವರ ಕಾಗದ ಹಂಚಿ ನಿವೃತ್ತನಾದವನು ಈಗ ಎಡಿನ್‌ಬರೋದ ನಿಘಂಟಿನವರಿಗೆ ತಾನೇ ಕಾಗದ ಬರೆಯುತ್ತಿದ್ದ. ಎರಡು ವರ್ಷದಿಂದ ಬೆನ್ನು ಹತ್ತಿದ್ದು ಒಂದೇ ಕ್ರಿಯಾಪದ: ‘ರೆಡ್’. ಕೆಂಪಿಗೂ ಅದಕ್ಕೂ ಸಂಬಂಧವಿಲ್ಲ. ಬಹಳ ಹಿಂದೆ ಅದಕ್ಕೆ ಶತ್ರುವಿನ ಕೈಯಿಂದ ಪಾರುಮಾಡು ಎಂಬ ಘನವಾದ ಅರ್ಥವಿತ್ತು. ಆಮೇಲೆ ಹೊಲದ ಕಲ್ಲುಮುಳ್ಳು ತೆಗೆಯುವುದಕ್ಕೆ, ಮನೆ ಚೊಕ್ಕಟ ಮಾಡುವುದಕ್ಕೆ, ತಲೆ ಬಾಚುವುದಕ್ಕೆ ಇಳಿದು, ಗೂರ್ಡನ್ನಿನಲ್ಲಿ ಗಾಳದ ಹಗ್ಗದ ಸಿಕ್ಕು ಬಿಡಿಸುವ ಹೆಂಗಸರ ಕೈಗೆ ಬಂದಿತ್ತು.

“ಎರಡು ವರ್ಷದಿಂದ ರೆಡ್ ರೆಡ್ ಅಂತ ಬರೀತಿದ್ದೀಯ. ಒಂದಿನ ಈ ಮೇಜು ರೆಡ್ ಮಾಡಿದ್ದೀಯೇನೋ?” ಎಂದಳು ಅಕ್ಕ ಟೀನಿ, ಅವನ ಟಿಪ್ಪಣಿ ಚೀಟಿಗಳ ನಡುವೆ ಗಂಜಿ ಬಟ್ಟಲಿಗೆ ಜಾಗ ಹುಡುಕುತ್ತ.

“ಚೀಟಿ ಮುಟ್ಟಬೇಡ. ಶತಮಾನದ ಪ್ರಕಾರ ಜೋಡ್ಸಿದ್ದೀನಿ.”

“ಹದಿನೈದನೇ ಶತಮಾನಕ್ಕೆ ಬೆಣ್ಣೆ ಮೆತ್ಕೊಂಡಿದೆ ನೋಡು.”

ಅಂದು ಅವನು ಕೊನೆಯ ಚೀಟಿ ಬರೆದ: ‘ರೆಡ್‌ಗಿದ್ದ, ಹೊಡೆದಾಡುವವರನ್ನು ಬಿಡಿಸು ಎಂಬ ಅರ್ಥ ಸತ್ತುಹೋಗಿದೆ.’ ಅಂಚೆಗೆ ಹಾಕಲು ಹೊರಟಾಗ ದಕ್ಕೆಯ ಮೇಲೆ ಮೀನುಗಾರರಾದ ಲೌನಿ ಅಣ್ಣತಮ್ಮಂದಿರು ಯಾರ ಹಗ್ಗ ಯಾರದಕ್ಕೆ ಸಿಕ್ಕಿತೆಂದು ಕೈಕೈ ಮಿಲಾಯಿಸಿದ್ದರು. ವಿದ್ವಾಂಸನ ಮಾತಿಗೆ ತೂಕವಿರುತ್ತದೆಂದು ನಂಬಿ ಎಬೆನ್ ನಡುವೆ ನುಗ್ಗಿದ.

“ನೋಡ್ರಪ್ಪಾ, ವಿಚಾರ ಮಾಡಿದ್ರೆ...”

ವಿಚಾರ ಮುಗಿಯುವ ಮುನ್ನವೇ ಮೂಗಿನ ಮೇಲೆ ಗುದ್ದು ಬಿತ್ತು. ಯಾರದೆಂದು ಅಣ್ಣತಮ್ಮಂದಿರಿಗೂ ತಿಳಿಯಲಿಲ್ಲ; ಇಬ್ಬರೂ ಒಟ್ಟಿಗೇ ಕ್ಷಮೆ ಕೇಳಿ, ಒಟ್ಟಿಗೇ ಹೆಂಡದಂಗಡಿಗೆ ಹೋದರು.

ಅಲ್ಲೇ ಗಾಳಕ್ಕೆ ಚಿಪ್ಪಿನ ಮಾಂಸ ಸಿಕ್ಕಿಸುತ್ತಿದ್ದ ಮುದುಕಿ ಬೆಲ್ಲಾ ತಲೆಯೆತ್ತದೆ ಹೇಳಿದಳು: “ಬಿತ್ತಲ್ಲ ನಿಂಗೆ, ಬಿಡಿಸೋಕೆ ಹೋದೋನಿಗೆ ಬೀಳೋ ರೆಡ್ ಏಟು.”

ಎಬೆನ್ ಕರವಸ್ತ್ರದೊಳಗಿಂದಲೇ ಕೇಳಿದ: “ಆ ಮಾತು ಈಗ್ಲೂ ಆಡ್ತೀರಾ?”

“ದಿನಾ ಯಾಕೆ ಆಡ್ಲಿ? ನಿನ್ನಂಥೋನು ನಡುವೆ ಹೋದಾಗ ಆಡ್ತೀವಿ, ಪ್ರೊಫೆಸರೇ.”

ಅವನು ಲಕೋಟೆ ಹರಿದು, ಚೀಟಿಯ ಬೆನ್ನಿಗೆ ಬರೆದ: ‘ಅರ್ಥ ಬದುಕಿದೆ. ಸಾಕ್ಷಿ: ಬರೆಯುವವನ ಮೂಗು.’

ಮೂರು ವಾರದ ಮೇಲೆ ಉತ್ತರ ಬಂತು. ಸಂತೋಷ, ಆದರೆ ಒಂದೇ ಪ್ರಸಂಗ ಸಾಲದು, ಇನ್ನೊಂದು ದೊರೆತರೆ ತಿಳಿಸಿ. ಟೀನಿ ಓದಿ ಕಣ್ಣೀರು ಬರುವಷ್ಟು ನಕ್ಕಳು.

ಲೌನಿಗಳು ಮತ್ತೆ ಜಗಳಕ್ಕೆ ನಿಂತ ದಿನ ಎಬೆನ್ ಪೆನ್ಸಿಲ್ ಹಿಡಿದು ದೂರದ ಗೋಡೆಯ ಮೇಲೆ ಕೂತು, ಯಾರಾದರೂ ಬಿಡಿಸಲು ಹೋದಾರೆಂದು ಸಂಜೆಯವರೆಗೂ ಕಾದ. ಯಾರೂ ಹೋಗಲಿಲ್ಲ.