ಉಳವಪ್ಪನವರ ಬಿಳಿ ಕೂದಲು

ರಾಮತೀರ್ಥ ನಗರದ ಉಳವಪ್ಪನವರಿಗೆ ಕಳ್ಳರ ಭಯವಿಲ್ಲ, ಇರುವುದೆಲ್ಲ ಗಾಳಿಯ ಭಯ. ಬೆಳಿಗ್ಗೆ ಎದ್ದವರೇ ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿ, ಅಂಟಿದ ದೂಳನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ. ಕಿಟಕಿ ತೆರೆಯಬೇಕೋ ಬೇಡವೋ ಎಂಬ ತೀರ್ಮಾನ ಆಮೇಲೆ. ಲಿಂಗಪೂಜೆಗೆ ಊದಿನಕಡ್ಡಿ ಇಲ್ಲ. ವಿಭೂತಿಯ ಪುಡಿಯೂ ಹಾರಬಾರದೆಂದು ಅದನ್ನು ಮೊದಲೇ ನೀರಿನಲ್ಲಿ ತೇಯ್ದಿಡಬೇಕು. ಒಗ್ಗರಣೆಗೆ ಮುಂಚೆ ಹೆಂಡತಿ ಅಕ್ಕವ್ವ, "ಹೊರಗ ಹೋಗ್ರಿ, ಮೆಣಸಿನಕಾಯಿ ಹಾಕ್ತೀನಿ" ಎಂದು ಎಚ್ಚರಿಸಬೇಕು. ಭಾನುವಾರ ಖಾನಾಪುರದ ಕಡೆಯ ಕಣಕುಂಬಿಗೆ ಹೋಗಿ, ಕಾಡಿನ ಅಂಚಿನಲ್ಲಿ ಬಾಯಿ ತೆರೆದು ನಿಲ್ಲುತ್ತಾರೆ. ದಾರಿಯಲ್ಲಿ ಕಬ್ಬಿಣ ಕರಗಿಸುವ ಫೌಂಡ್ರಿಗಳು ಬಂದರೆ ಕಾರಿನ ಗಾಜು ಏರಿಸಿ, ಪೀರನವಾಡಿ ದಾಟುವ ತನಕ ಮುಖ ಕೆಂಪಾದರೂ ಉಸಿರು ಬಿಗಿಹಿಡಿಯುತ್ತಾರೆ. "ಸಾವ್ಕಾರ್ರು ಗಾಳಿ ಸಂತಿಗೆ ಹೊಂಟ್ರು ನೋಡ್ರಿ" ಎಂದು ಓಣಿಯವರು ನಗುತ್ತಾರೆ. ಉಳವಪ್ಪ ನಗುವುದಿಲ್ಲ. "ಅಪ್ಪ, ಕಾಕಾ ಎಲ್ಲಾರೂ ಫೌಂಡ್ರಿ ಭಟ್ಟಿ ಮುಂದ ದುಡದವರು. ಆ ಹೊಗಿ ಬಿಟ್ರ ಅವರಿಗೆ ರೊಟ್ಟಿ ಇರಲಿಲ್ಲ. ನನ್ನ ಅಂಗಡಿ ನಡೀತು, ರೊಕ್ಕ ಬಂತು, ಇಲ್ಲಿಗೆ ಓಡಿ ಬಂದ್ನಿ" ಎನ್ನುತ್ತಾರೆ. ಅವರ ಪಡಸಾಲೆಯಲ್ಲಿ ಆ ಅಪ್ಪ, ಕಾಕಾಂದಿರ ಹಾರ ಹಾಕಿದ ಫೋಟೋಗಳ ಸಾಲಿದೆ; ಅದರಲ್ಲಿ ಒಬ್ಬರದೂ ನೆರೆತ ತಲೆಯಲ್ಲ. ಮೊನ್ನೆ ಕ್ಷೌರದ ಪಂಢರಿನಾಥ ಕಿವಿಯ ಹತ್ತಿರ ಬಾಚಣಿಗೆ ನಿಲ್ಲಿಸಿ, "ಸಾವ್ಕಾರ್ರ, ಇಲ್ಲೊಂದು ಬೆಳ್ಳಗಾಗೇತಿ, ಕಪ್ಪ ಹಚ್ಚಲೇನ್ರಿ?" ಎಂದ. ಉಳವಪ್ಪ ಕನ್ನಡಿಯ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದರು. "ಬ್ಯಾಡಪಾ. ನಮ್ಮ ಮನಿ ಗಂಡಸ್ರಾಗ ಇದನ್ನ ಕಂಡಾಂವ ನಾನ ಮೊದಲು" ಎಂದವರು, ಕತ್ತರಿ ಎಲ್ಲಿ ತಗಲೀತೋ ಎಂಬಂತೆ ಆ ಕೂದಲಿನ ಮೇಲೆ ಅಂಗೈ ಮುಚ್ಚಿ ಕುಳಿತರು.